ಬೇಸ್‌ಬಾಲ್ ನೋಡೋಕೆ ಹೋಗೋ ಮೈಸೂರಿನವರಿಗೆ: ಮೊದ್ಲು ಸ್ಟೇಡಿಯಂ ಓದೋದು ಹೇಗೆ

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ವಾಕಿಂಗ್ ಮಾಡೋ ನಮ್ಮ ಗುಂಪಲ್ಲಿ ಒಂಬತ್ತು ಜನ ಇದೀವಿ, ಅದ್ರಲ್ಲಿ ಆರು ಜನರ ಮಕ್ಳು ಅಮೆರಿಕದಲ್ಲಿ, ಆ ಆರರಲ್ಲಿ ನಾಲ್ಕು ಮನೆ ಸ್ಯಾನ್ ಫ್ರಾನ್ಸಿಸ್ಕೋ ಕಡೆ. ಏಪ್ರಿಲ್ ಬಂತು ಅಂದ್ರೆ ಯಾರಾದ್ರೂ ಒಬ್ರು ಹೊರಡ್ತಾರೆ, ದಸರಾ ಹೊತ್ತಿಗೆ ವಾಪಸ್ ಬರ್ತಾರೆ, ಸೇತುವೆ ಫೋಟೋ ತೋರಿಸ್ತಾರೆ, ಆಮೇಲೆ "ಅಳಿಯಂದ್ರು ಬೇಸ್‌ಬಾಲ್‌ಗೆ ಕರ್ಕೊಂಡು ಹೋಗಿದ್ರು, ಏನೂ ತಿಳೀಲಿಲ್ಲ, ಮೂರು ಗಂಟೆ ಕೂತು ಎದ್ದು ಬಂದ್ವಿ" ಅಂತಾರೆ. ಇದನ್ನ ಕೇಳಿದಾಗೆಲ್ಲ ನಂಗೆ ಸಂಕಟ ಆಗುತ್ತೆ. ಮೊದಲ್ನೇ ಸಲ ನಂಗೂ ಹಾಗೇ ಆಗಿತ್ತು. ಎರಡನೇ ಸಲ ಹೋದಾಗ ಆಟ ಬಿಟ್ಟು ಮೈದಾನ ನೋಡೋಕೆ ಶುರು ಮಾಡ್ದೆ, ಗೋಡೆ ಯಾಕೆ ಅಲ್ಲಿ ಅಷ್ಟು ಎತ್ತರ, ಇಲ್ಲಿ ಯಾಕೆ ಇಷ್ಟು ಗಿಡ್ಡ, ಆ ಮೂಲೆ ಯಾಕೆ ಅಷ್ಟು ದೂರ ಅಂತ, ಅಷ್ಟೊತ್ತಿಗೆ ಆಟ ತಾನಾಗೇ ಬಿಚ್ಕೊಳ್ತು. ಅದಕ್ಕೇ ಈ ಬರಹ. ನಿಯಮದ ಪುಸ್ತಕ ಬೇಡ, ಸ್ಟೇಡಿಯಂ ಓದೋದು ಕಲೀರಿ ಸಾಕು.

ಒಂದು ಮಾತು ಮನಸ್ಸಲ್ಲಿಟ್ಕೊಳ್ಳಿ. ದೇವಸ್ಥಾನದಲ್ಲಿ ಗರ್ಭಗುಡಿ ಆಗಮದ ಅಳತೆಗೆ ತಕ್ಕಂಗೆ ಇರುತ್ತೆ, ಅಲ್ಲಿ ಒಂದು ಅಂಗುಲ ಆಚೀಚೆ ಮಾಡೋ ಹಾಗಿಲ್ಲ, ಆದ್ರೆ ಹೊರಗಿನ ಪ್ರಾಕಾರ ಊರಲ್ಲಿ ಸಿಕ್ಕ ಜಾಗದ ಹಾಗೆ, ಒಂದು ಕಡೆ ಬೆಟ್ಟ ಇದ್ರೆ ಹಾಗೆ, ಹೊಳೆ ಇದ್ರೆ ಹೀಗೆ. ಬೇಸ್‌ಬಾಲ್ ಮೈದಾನವೂ ಅಷ್ಟೇ. ಒಳಗಿನ ಚೌಕ ಎಲ್ಲಾ ಊರಲ್ಲೂ ಒಂದೇ ಅಳತೆ. ಹೊರಗಿನ ಗೋಡೆ ಮಾತ್ರ ಒಂದೊಂದು ಊರಿಗೆ ಒಂದೊಂದು ಆಕಾರ. ಆಟದ ಅರ್ಧ ಸ್ವಾರಸ್ಯ ಆ ಗೋಡೆಯಲ್ಲೇ ಇದೆ.

ವಿಮಾನ ಹತ್ತೋಕೆ ಮುಂಚೆ ಇಲ್ಲೇ ಮಾಡೋ ಕೆಲಸ

ಒಂದು ಭಾನುವಾರ ಬೆಳಿಗ್ಗೆ ಕ್ರಿಕೆಟ್ ಹುಡುಗ್ರು ಬರೋಕೆ ಮುಂಚೆ ಮಹಾರಾಜ ಕಾಲೇಜ್ ಗ್ರೌಂಡಿಗೆ ಹೋಗಿ, ಜೊತೆಗೆ ಮೊಮ್ಮಗನೋ ಪಕ್ಕದ ಮನೆ ಹುಡುಗನೋ ಇದ್ರೆ ಒಳ್ಳೇದು. ಗ್ರೌಂಡಿನ ಒಂದು ಮೂಲೆಯಲ್ಲಿ ನಿಮ್ಮ ಚಪ್ಪಲಿ ಬಿಡಿ, ಅದೇ ಹೋಮ್ ಪ್ಲೇಟ್, ಬ್ಯಾಟ್ ಮಾಡೋನು ನಿಲ್ಲೋ ಜಾಗ. ಅಲ್ಲಿಂದ ಬಲಗಡೆಗೆ 90 ಅಡಿ ನಡೀರಿ, ಸಾಧಾರಣ ಹೆಜ್ಜೆಗೆ ಎರಡೂವರೆ ಅಡಿ ಅಂದ್ಕೊಂಡ್ರೆ 36 ಹೆಜ್ಜೆ, ಅಲ್ಲೊಂದು ಕಲ್ಲಿಡಿ, ಫಸ್ಟ್ ಬೇಸ್, ಹೊಡೆದು ಓಡೋನು ಮುಟ್ಟೋ ಮೊದಲ ನಿಲ್ದಾಣ. ಎಡಕ್ಕೆ ತಿರುಗಿ ಇನ್ನು 36, ಸೆಕೆಂಡ್ ಬೇಸ್. ಮತ್ತೆ ಎಡಕ್ಕೆ 36, ಥರ್ಡ್. ಮತ್ತೆ 36 ನಡೆದ್ರೆ ಚಪ್ಪಲಿ ಸಿಗ್ಬೇಕು. ಮೂಲೆ ಸೊಟ್ಟ ಆಗಿದ್ರೆ ಸಿಗಲ್ಲ. ಮನೆ ಪಾಯ ಹಾಕುವಾಗ ಮೇಸ್ತ್ರಿ ಹಗ್ಗದಲ್ಲಿ 3, 4, 5 ಅಡಿ ಹಿಡಿದು ಮೂಲೆಮಟ್ಟ ನೋಡ್ತಾರಲ್ಲ, ಅದೇ ಉಪಾಯ ಇಲ್ಲೂ ನಡೆಯುತ್ತೆ.

ಈಗ ಚಪ್ಪಲಿಯಿಂದ ಸೆಕೆಂಡ್ ಬೇಸ್ ಕಡೆ ನೇರವಾಗಿ 24 ಹೆಜ್ಜೆ ಹೋಗಿ ನಿಂತ್ಕೊಳ್ಳಿ. ಪಿಚರ್ ನಿಲ್ಲೋದು ಅಲ್ಲಿ, ಲೆಕ್ಕದಲ್ಲಿ 60 ಅಡಿ 6 ಇಂಚು. ನಮ್ಮ ಪಿಚ್ ವಿಕೆಟ್ಟಿಂದ ವಿಕೆಟ್ಟಿಗೆ 22 ಗಜ, ಅಂದ್ರೆ 66 ಅಡಿ, ಕ್ರೀಸ್ ಬಿಟ್ಟು ನೋಡಿದ್ರೆ ಹೆಚ್ಚೂಕಮ್ಮಿ ಅಷ್ಟೇ ದೂರ. ಆದ್ರೆ ಇಲ್ಲಿ ಓಡಿ ಬರೋದಿಲ್ಲ, ಚೆಂಡು ನೆಲಕ್ಕೆ ಬೀಳೋದೂ ಇಲ್ಲ, ಪಿಚರ್ ನಿಂತಿರೋದು 10 ಇಂಚು ಎತ್ತರದ ಮಣ್ಣಿನ ದಿಬ್ಬದ ಮೇಲೆ, ಅಲ್ಲಿಂದ ಕೈ ಬೀಸಿ ನೇರ ಎಸೀತಾನೆ.

ಇನ್ನೂ ಮುಖ್ಯವಾದದ್ದು ಮುಂದಿದೆ. ಚಪ್ಪಲಿ ಹಿಂದೆ ನಿಂತು ಎರಡೂ ಕೈ ಚಾಚಿ, ಬಲಗೈ ಫಸ್ಟ್ ಬೇಸ್ ಕಡೆ, ಎಡಗೈ ಥರ್ಡ್ ಬೇಸ್ ಕಡೆ. ಆ ಎರಡು ಕೈ ನಡುವೆ ಇರೋದು ವೃತ್ತದ ನಾಲ್ಕನೇ ಒಂದು ಭಾಗ, 90 ಡಿಗ್ರಿ. ಬ್ಯಾಟರ್ ಹೊಡೆದಿದ್ದು ಅದರೊಳಗೆ ಬಿದ್ರೆ ಮಾತ್ರ ಲೆಕ್ಕಕ್ಕೆ, ಆಚೆ ಹೋದ್ರೆ ಫೌಲ್. ವಿಶ್ವನಾಥ್ ಅವರ ಲೇಟ್ ಕಟ್ ನೋಡಿ ಬೆಳೆದೋರು ನಾವು, ಹಿಂದಕ್ಕೆ ಹೋದ ಚೆಂಡಿಗೆ ರನ್ ಇಲ್ಲ ಅಂದ್ರೆ ಮನಸ್ಸು ಒಪ್ಪಲ್ಲ, ಆದ್ರೆ ಇದೊಂದು ಒಪ್ಕೊಂಡ್ರೆ ಅರ್ಧ ಆಟ ತಿಳೀತು. ಈಗ ಫಸ್ಟ್ ಬೇಸ್ ಗೆರೆ ಹಿಡಿದು ಹಾಗೇ ಮುಂದೆ ನಡೀರಿ, ಚಪ್ಪಲಿಯಿಂದ 309 ಅಡಿ, ಅಂದ್ರೆ 124 ಹೆಜ್ಜೆಗೆ ನಿಲ್ಲಿ. ಆಮೇಲೆ ಚೌಕದ ನಡುವಿಗೂ ಆ ಗೆರೆಗೂ ಮಧ್ಯದ ದಿಕ್ಕು ಹಿಡಿದು 415 ಅಡಿ, 166 ಹೆಜ್ಜೆ. ಗ್ರೌಂಡ್ ಮುಗಿದೋದ್ರೆ ಕಣ್ಣಲ್ಲೇ ಅಂದಾಜು ಮಾಡಿ. ಅಷ್ಟು ಪಕ್ಕಪಕ್ಕದ ಎರಡು ದಿಕ್ಕಿಗೆ ನೂರಡಿಗಿಂತ ಹೆಚ್ಚು ವ್ಯತ್ಯಾಸ ಇರೋ ಮೈದಾನದಲ್ಲಿ ಫೀಲ್ಡಿಂಗ್ ಮಾಡ್ಬೇಕು ಅಂದ್ರೆ ಏನು ಪಾಡು ಅಂತ ಒಂದ್ನಿಮಿಷ ಯೋಚಿಸಿ. ಸ್ಯಾನ್ ಫ್ರಾನ್ಸಿಸ್ಕೋದ ಒರಾಕಲ್ ಪಾರ್ಕ್ ಅಳತೆ ಇದು, ನೀವು ಹೋಗೋದು ಅಲ್ಲಿಗೇ.

ಯಾಕೆ ಹೀಗೆ ಕಟ್ಟಿದ್ರು

ಕಥೆ ಸ್ವಲ್ಪ ಹಿಂದಿಂದ ಹೇಳ್ಬೇಕು. ಮೊದಲಿನ ಕಾಲದ ಸ್ಟೇಡಿಯಂಗಳನ್ನ ಊರ ಮಧ್ಯೆ ಸಿಕ್ಕ ಸೈಟಲ್ಲೇ ಕಟ್ಟಿದ್ರು. ಬಾಸ್ಟನ್ನಿನ ಫೆನ್‌ವೇ ಪಾರ್ಕ್ 1912ರ ಏಪ್ರಿಲ್ 20ಕ್ಕೆ ಶುರುವಾಯ್ತು, ಟೈಟಾನಿಕ್ ಮುಳುಗಿ ಇನ್ನೂ ಐದು ದಿನ ಆಗಿತ್ತು ಅಷ್ಟೇ, ಇವತ್ತಿಗೂ ಅಲ್ಲೇ ಆಟ ನಡೀತಿದೆ. ಅದರ ಎಡಗಡೆ ಹಿಂದೆ ರಸ್ತೆ ಇದ್ದಿದ್ರಿಂದ ಮೈದಾನ ಆ ಕಡೆ ಚಿಕ್ಕದಾಯ್ತು, ಅದಕ್ಕೆ 37 ಅಡಿ ಎತ್ತರದ ಗೋಡೆ ನಿಲ್ಲಿಸಿದ್ದಾರೆ, ಹಸಿರು ಬಣ್ಣ ಬಳಿದು ಹಸಿರು ರಾಕ್ಷಸ ಅನ್ನೋ ಅರ್ಥದ ಹೆಸರಿಟ್ಟಿದ್ದಾರೆ. ಆ ರಸ್ತೆ ಹೆಸರು ಲ್ಯಾನ್ಸ್‌ಡೌನ್ ಸ್ಟ್ರೀಟ್. ನಮ್ಮ ಲ್ಯಾನ್ಸ್‌ಡೌನ್ ಬಿಲ್ಡಿಂಗ್ ಮುಂದೆ ಓಡಾಡಿದೋರಿಗೆ ಆ ಹೆಸರು ಅಲ್ಲಿ ಕಂಡಾಗ ಒಂಥರಾ ಖುಷಿ ಆಗುತ್ತೆ.

ಆಮೇಲೆ 1960, 70ರ ದಶಕದಲ್ಲಿ ಕಾಲ ಬದಲಾಯ್ತು. ಬೇಸ್‌ಬಾಲಿಗೂ ಅವರ ಫುಟ್‌ಬಾಲಿಗೂ ಒಂದೇ ಸ್ಟೇಡಿಯಂ ಸಾಕು ಅಂತ ಸಿಮೆಂಟಿನ ದುಂಡನೆ ಬಟ್ಟಲುಗಳನ್ನ ಕಟ್ಟಿದ್ರು, ಪಿಟ್ಸ್‌ಬರ್ಗ್, ಸಿನ್ಸಿನಾಟಿ, ಫಿಲಡೆಲ್ಫಿಯಾ ಎಲ್ಲಾ ಕಡೆ ಒಂದೇ ಅಚ್ಚು, ಕೆಳಗೆ ಪ್ಲಾಸ್ಟಿಕ್ ಹುಲ್ಲು, ಸುತ್ತ ಕಾರ್ ಪಾರ್ಕಿಂಗ್. ಎರಡು ಆಟಕ್ಕೂ ಆಗುತ್ತೆ ಅಂತ ಮಾಡಿದ್ದು ಎರಡಕ್ಕೂ ಸರಿಹೋಗ್ಲಿಲ್ಲ. ಪ್ರೇಕ್ಷಕ ಆಟದಿಂದ ದೂರ ಆದ, ಸ್ಟೇಡಿಯಂ ಊರಿಂದ ದೂರ ಆಯ್ತು.

ತಿರುವು ಬಂದಿದ್ದು 1992ರಲ್ಲಿ, ಬಾಲ್ಟಿಮೋರ್ ಊರಿನ ಕ್ಯಾಮ್ಡನ್ ಯಾರ್ಡ್ಸ್‌ನಿಂದ. ಬೇಸ್‌ಬಾಲಿಗೆ ಮಾತ್ರ ಅಂತ ಕಟ್ಟಿದ್ದು, ಊರ ಒಳಗೇ ಕಟ್ಟಿದ್ದು, ಪಕ್ಕದಲ್ಲಿದ್ದ ಉದ್ದನೆಯ ಹಳೇ ರೈಲ್ವೆ ಗೋದಾಮು ಕೆಡವದೆ ಅದನ್ನೇ ಬಲಗಡೆ ಹಿನ್ನೆಲೆಯಾಗಿ ಉಳಿಸ್ಕೊಂಡಿದ್ದು. ದೇವರಾಜ ಮಾರ್ಕೆಟ್ ಕೆಡವ್ಬೇಕಾ ಉಳಿಸ್ಬೇಕಾ ಅನ್ನೋ ವಾದ ವರ್ಷಾನುಗಟ್ಟಲೆ ಕೇಳಿದ ಮೈಸೂರಿನವರಿಗೆ ಆ ಗೋದಾಮಿನ ಬೆಲೆ ಬೇರೆ ಯಾರೂ ವಿವರಿಸ್ಬೇಕಿಲ್ಲ. ನನ್ನ ಪ್ರಕಾರ ಹಳೇದನ್ನ ಒಳಗೆ ಸೇರಿಸ್ಕೊಂಡು ಕಟ್ಟೋದೇ ನಿಜವಾದ ಹೊಸತನ. ಅಲ್ಲಿಂದ ಮುಂದೆ ಕಟ್ಟಿದ ಹೆಚ್ಚಿನ ಸ್ಟೇಡಿಯಂಗಳು ಇದೇ ದಾರಿ ಹಿಡಿದ್ವು, ಇಟ್ಟಿಗೆ ಮುಖ, ಉಕ್ಕಿನ ಕಂಬ, ನಿಜವಾದ ಹುಲ್ಲು, ಓರೆಕೋರೆ ಗೋಡೆ. ಕ್ಯಾಮ್ಡನ್ ಯಾರ್ಡ್ಸ್ ವಿನ್ಯಾಸ ಮಾಡಿದ ಎಚ್‌ಓಕೆ ಸಂಸ್ಥೆಯವರೇ ಸ್ಯಾನ್ ಫ್ರಾನ್ಸಿಸ್ಕೋದ್ದೂ ಮಾಡಿದ್ದು.

ಸ್ಯಾನ್ ಫ್ರಾನ್ಸಿಸ್ಕೋ ಟೀಮಿನ ಹೆಸರು ಜೈಂಟ್ಸ್. ನ್ಯೂಯಾರ್ಕಿಂದ 1958ರಲ್ಲಿ ಈ ಊರಿಗೆ ಬಂದೋರು. 1960ರಿಂದ 1999ರ ತನಕ ಆಡಿದ್ದು ಕ್ಯಾಂಡಲ್‌ಸ್ಟಿಕ್ ಪಾರ್ಕ್ ಅನ್ನೋ ಜಾಗದಲ್ಲಿ, ನೀರಿನ ಪಕ್ಕ ಗಾಳಿಗೆ ಎದೆಯೊಡ್ಡಿ ನಿಂತಿದ್ದ ಸ್ಟೇಡಿಯಂ ಅದು, ಬೇಸಿಗೆ ರಾತ್ರಿಯಲ್ಲೂ ಜನ ನಡುಗ್ತಾ ಕೂರ್ತಿದ್ರು. 1989ರ ಅಕ್ಟೋಬರ್ 17ರಂದು ವರ್ಲ್ಡ್ ಸೀರೀಸ್, ಅಂದ್ರೆ ಬೇಸ್‌ಬಾಲಿನ ಫೈನಲ್ ಸರಣಿಯ ಮೂರನೇ ಮ್ಯಾಚ್ ಶುರುವಾಗೋ ಹೊತ್ತಿಗೆ ದೊಡ್ಡ ಭೂಕಂಪ ಆಗಿದ್ದೂ ಅಲ್ಲೇ ಜನ ತುಂಬಿ ಕೂತಿದ್ದಾಗ. ಹೊಸ ಸ್ಟೇಡಿಯಂ ಬೇಕು ಅಂತ ಜನರ ತೆರಿಗೆ ದುಡ್ಡು ಕೇಳಿ ಆ ಭಾಗದಲ್ಲಿ ನಾಲ್ಕು ಸಲ ಮತಕ್ಕೆ ಹಾಕಿದ್ರು, ನಾಲ್ಕು ಸಲವೂ ಜನ ಬೇಡ ಅಂದ್ರು. ಕೊನೆಗೆ ಖಾಸಗಿ ದುಡ್ಡಲ್ಲೇ ಕಟ್ತೀವಿ, ಜಾಗಕ್ಕೆ ಅನುಮತಿ ಕೊಡಿ ಅಂತ 1996ರಲ್ಲಿ ಕೇಳಿದಾಗ ಒಪ್ಪಿದ್ರು. ಖರ್ಚು ಸುಮಾರು 35.7 ಕೋಟಿ ಡಾಲರ್. 1962ರ ಡಾಡ್ಜರ್ ಸ್ಟೇಡಿಯಂ ಆದ್ಮೇಲೆ ಹೀಗೆ ಖಾಸಗಿ ದುಡ್ಡಲ್ಲಿ ಎದ್ದ ಮೊದಲ ದೊಡ್ಡ ಬೇಸ್‌ಬಾಲ್ ಸ್ಟೇಡಿಯಂ ಇದೇ.

ಕ್ಯಾಂಡಲ್‌ಸ್ಟಿಕ್‌ನ ಗಾಳಿ ಪಾಠ ಕಲಿಸಿತ್ತಲ್ಲ, ಹೊಸದನ್ನ ಕಟ್ಟೋಕೆ ಮುಂಚೆ ಯುಸಿ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಮಾದರಿ ಇಟ್ಟು ವಿಂಡ್ ಟನಲ್ ಪರೀಕ್ಷೆ ಮಾಡಿಸಿದ್ರು, ಗ್ಯಾಲರಿಯೇ ಗಾಳಿಗೆ ಅಡ್ಡ ನಿಲ್ಲೋ ಹಾಗೆ ಮೈದಾನದ ದಿಕ್ಕು ತಿರುಗಿಸಿದ್ರು. ಸಿಕ್ಕಿದ್ದು ಸುಮಾರು 13 ಎಕರೆ, ಬಲಗಡೆ ನೀರು. ಹಾಗಾಗಿ ಬಲಗಡೆ 309 ಅಡಿಗೇ ಗೋಡೆ ಬಂತು, ಚೆಂಡು ದಾಟಿಸೋದು ತೀರಾ ಸುಲಭ ಆಗ್ಬಾರ್ದು ಅಂತ ಆ ಗೋಡೆ 24 ಅಡಿ ಎತ್ತರ ಮಾಡಿದ್ರು. 24 ಯಾಕೆ ಅಂದ್ರೆ ಜೈಂಟ್ಸ್‌ನ ಹೆಸರಾಂತ ಆಟಗಾರ ವಿಲ್ಲಿ ಮೇಸ್ ಅವರ ಜರ್ಸಿ ನಂಬರ್ ಅದು. ಮೊದಲ ಮ್ಯಾಚ್ 2000ದ ಏಪ್ರಿಲ್ 11ಕ್ಕೆ, ಎದುರಾಳಿ ಲಾಸ್ ಏಂಜಲೀಸ್‌ನ ಡಾಡ್ಜರ್ಸ್, 6-5ಕ್ಕೆ ಜೈಂಟ್ಸ್ ಸೋತ್ರು. ಹೆಸರು ಮಾತ್ರ ಕಂಪನಿ ಬದಲಾದ ಹಾಗೆ ಬದಲಾಗ್ತಾ ಬಂತು, ಪ್ಯಾಕ್ ಬೆಲ್, ಎಸ್‌ಬಿಸಿ, ಎಟಿ ಅಂಡ್ ಟಿ, 2019ರಿಂದ ಒರಾಕಲ್. ಹಳಬರು ಇನ್ನೂ ಹಳೇ ಹೆಸರಲ್ಲೇ ಕರೀತಾರೆ, ಕನ್ಫ್ಯೂಸ್ ಆಗ್ಬೇಡಿ, ಎಲ್ಲಾ ಒಂದೇ ಜಾಗ.

ಹೋಗೋ ದಿನ

ಸನ್ನಿವೇಲ್, ಮೌಂಟನ್ ವ್ಯೂ ಕಡೆ ಮನೆ ಇದ್ರೆ ಕ್ಯಾಲ್‌ಟ್ರೇನ್ ಹತ್ತಿ ಕೊನೇ ಸ್ಟೇಷನ್‌ಗೆ ಇಳೀರಿ, ಅಲ್ಲಿಂದ ಕಿಂಗ್ ಸ್ಟ್ರೀಟಲ್ಲಿ ಹತ್ತು ನಿಮಿಷದ ನಡಿಗೆ, ಕಿತ್ತಳೆ ಕಪ್ಪು ಬಣ್ಣದ ಬಟ್ಟೆ ಹಾಕಿರೋರ ಹಿಂದೆ ಹೋದ್ರೆ ಸಾಕು. ಫ್ರೀಮಾಂಟ್ ಕಡೆಯವರು ಬಾರ್ಟ್ ರೈಲಲ್ಲಿ ಎಂಬಾರ್ಕಡೇರೋಗೆ ಬಂದು ಅಲ್ಲಿಂದ ಮ್ಯೂನಿ ಟ್ರಾಮ್ ಹಿಡೀಬಹುದು, ಕಾಲಲ್ಲಿ ಶಕ್ತಿ ಇದ್ರೆ ನೀರಿನ ಪಕ್ಕದಲ್ಲೇ ನಡೀಬಹುದು. ಕ್ಲಿಪ್ಪರ್ ಕಾರ್ಡ್ ಒಂದಿದ್ರೆ ಮೂರಕ್ಕೂ ಆಗುತ್ತೆ, 65 ದಾಟಿದೋರಿಗೆ ರಿಯಾಯಿತಿ ಕಾರ್ಡ್ ಇದೆ, ಅಲ್ಲಿಗೆ ಹೋದ ಮೊದಲ ವಾರದಲ್ಲೇ ಮಾಡಿಸ್ಕೊಂಡುಬಿಡಿ. ಟಿಕೆಟ್ ಫೋನಲ್ಲೇ ಬರೋದು, ಅಳಿಯನ ಫೋನಲ್ಲಿ ಎಲ್ಲರದ್ದೂ ಇದ್ರೆ ಗೇಟಲ್ಲಿ ಬೇರೆ ಬೇರೆ ಆಗ್ಬೇಡಿ. ವರ್ಷಕ್ಕೆ 81 ಮ್ಯಾಚ್ ಈ ಊರಲ್ಲೇ ನಡೆಯುತ್ತೆ, ಆದ್ರಿಂದ ಡಾಡ್ಜರ್ಸ್ ಬರೋ ದಿನ, ಶನಿವಾರ ಭಾನುವಾರ ಬಿಟ್ಟು ವಾರದ ಮಧ್ಯೆ ನೋಡ್ಕೊಂಡ್ರೆ ಕಡಿಮೆಗೆ ಸಿಗುತ್ತೆ.

ಸ್ವೆಟರ್. ಇದನ್ನ ದೊಡ್ಡ ಅಕ್ಷರದಲ್ಲಿ ಬರ್ದಿಟ್ಕೊಳ್ಳಿ. ಜುಲೈ ತಿಂಗ್ಳು, ಸನ್ನಿವೇಲಲ್ಲಿ ಸುಡೋ ಬಿಸಿಲು, ಅಂತ ಬರೀ ಶರ್ಟಲ್ಲಿ ಹೋಗಿ ನನ್ನ ಮನೆಯವರು ಒಂಬತ್ತು ಇನ್ನಿಂಗ್ಸಲ್ಲಿ ಆರನೇದಕ್ಕೇ ಎದ್ದು ಬರೋ ಹಾಗಾಯ್ತು. ಸಂಜೆ ಸಮುದ್ರದಿಂದ ಮಂಜು ಒಳಗೆ ಬಂದ್ರೆ ಚಾಮುಂಡಿ ಬೆಟ್ಟದ ಮೇಲೆ ಧನುರ್ಮಾಸದ ಬೆಳಗಿನ ಜಾವ ನಿಂತ ಹಾಗೆ. ಕಿವಿ ಮುಚ್ಚೋ ಟೋಪಿ, ಒಂದು ಶಾಲು ಇರ್ಲಿ. ಈ ಚಳಿಗೂ ಆಟಕ್ಕೂ ಸಂಬಂಧ ಇದೆ, ತಣ್ಣನೆ ಗಾಳಿ ದಟ್ಟ, ಅದರಲ್ಲಿ ಚೆಂಡು ದೂರ ಹೋಗಲ್ಲ, ಅದಕ್ಕೇ ಇಲ್ಲಿ ರಾತ್ರಿ ಮ್ಯಾಚಲ್ಲಿ ಹೊಡೆದ ಕ್ಷಣ ಹೋಮ್ ರನ್, ಅಂದ್ರೆ ಗೋಡೆ ದಾಟೋ ನಮ್ಮ ಸಿಕ್ಸರ್ ಥರದ ಹೊಡೆತ, ಅನ್ಸಿದ್ದು ಕ್ಯಾಚ್ ಆಗಿ ಮುಗಿಯೋದು ಜಾಸ್ತಿ.

ಊಟದ ಚಿಂತೆ ಬೇಡ, ಇಲ್ಲಿ ಮನೆ ತಿಂಡಿ ಒಳಗೆ ಬಿಡ್ತಾರೆ, ಚಪಾತಿ ಪಲ್ಯ, ಕೋಡುಬಳೆ ಕಟ್ಕೊಂಡು ಹೋಗಿ, ನೀರು ಸೀಲ್ ಒಡೆಯದ ಪ್ಲಾಸ್ಟಿಕ್ ಬಾಟಲಲ್ಲಿ ಇರ್ಲಿ, ಬ್ಯಾಗ್ ಅಳತೆ ಮಾತ್ರ ಹೊರಡೋ ಮುಂಚೆ ಟೀಮಿನ ವೆಬ್‌ಸೈಟಲ್ಲಿ ನೋಡ್ಕೊಳ್ಳಿ. ಒಳಗೆ ಬೆಳ್ಳುಳ್ಳಿ ಹಾಕಿದ ಆಲೂ ಫ್ರೈಸ್ ಸಿಗುತ್ತೆ, ಆ ವಾಸನೆ ಇಡೀ ಗ್ಯಾಲರಿಗೆ ಹರಡಿರುತ್ತೆ, ಬೆಳ್ಳುಳ್ಳಿ ತಿನ್ನೋರು ಬಿಡ್ಬೇಡಿ.

ಒಂದೂವರೆ ಗಂಟೆ ಮುಂಚೆ ಹೋಗಿ, ಮೊದಲು ಹೊರಗೆ ಸುತ್ತಿ. ಮುಂದಿನ ಚೌಕದಲ್ಲಿ ವಿಲ್ಲಿ ಮೇಸ್ ಪ್ರತಿಮೆ, ಸುತ್ತ 24 ತಾಳೆ ಮರ, ಸ್ಟೇಡಿಯಂ ವಿಳಾಸವೇ 24, ವಿಲ್ಲಿ ಮೇಸ್ ಪ್ಲಾಜಾ. 2024ರ ಜೂನಲ್ಲಿ ಅವರು ತೀರ್ಕೊಂಡ್ರು. ಆಮೇಲೆ ನೀರಿನ ಕಡೆ ಬನ್ನಿ. ಬಲಗಡೆ ಗೋಡೆ ಹಿಂದೆ ಸಾರ್ವಜನಿಕರು ಓಡಾಡೋ ದಾರಿ ಇದೆ, ಗೋಡೆಯಲ್ಲಿ ಕಮಾನು ಬಿಟ್ಟು ಜಾಲರಿ ಹಾಕಿದ್ದಾರೆ, ಟಿಕೆಟ್ ಇಲ್ದೇ ಇರೋರೂ ಅಲ್ಲಿ ನಿಂತು ಬಿಟ್ಟಿ ಮ್ಯಾಚ್ ನೋಡಬಹುದು, ಹಿಂದೆ ಜನ ಕಾಯ್ತಿದ್ರೆ ಮೂರು ಇನ್ನಿಂಗ್ಸ್ ನೋಡಿ ಜಾಗ ಬಿಟ್ಕೊಡ್ಬೇಕು. ಇದು ನಂಗೆ ತುಂಬಾ ಹಿಡಿಸಿದ ಏರ್ಪಾಡು. 2010ರ ಜನವರಿಯಲ್ಲಿ ನಮ್ಮ ಗಂಗೋತ್ರಿ ಗ್ಲೇಡ್ಸಲ್ಲಿ ರಣಜಿ ಫೈನಲ್ ಆಗಿತ್ತಲ್ಲ, 338 ಬೆನ್ನಟ್ಟಿ ಮನೀಶ್ ಪಾಂಡೆ 144 ಹೊಡೆದು ಮುಂಬೈ ಎದುರು ಆರೇ ಆರು ರನ್ನಿಗೆ ಸೋತಿದ್ದು, ಅವತ್ತು ಮೈಸೂರೇ ಅಲ್ಲಿ ಸೇರಿತ್ತು. ಆಟ ಊರಿನದ್ದು ಅಂತ ಅನ್ಸೋದು ಹಾಗೆ ಜನ ಹತ್ರ ಬಂದು ನಿಲ್ಲೋಕಾದಾಗ. ಆ ಕಮಾನುಗಳ ಮುಂದೆ ನಿಂತಾಗ ಅದೇ ನೆನಪಾಯ್ತು.

ಆ ದಾರಿ ಪಕ್ಕದ ನೀರಿಗೆ ಮಕೋವಿ ಕೋವ್ ಅಂತಾರೆ, ವಿಲ್ಲಿ ಮಕೋವಿ ಅನ್ನೋ ಎಡಗೈ ಬ್ಯಾಟರ್ ನೆನಪಿಗೆ. ಎಡಗೈ ಬ್ಯಾಟರ್ ಜೋರಾಗಿ ಬೀಸಿದ್ರೆ ಚೆಂಡು ಬಲಗಡೆಗೇ ಹೋಗೋದು, ಗೋಡೆ ದಾಟಿ ನೀರಿಗೆ ಬೀಳ್ಬಹುದು, ಅದನ್ನ ಹಿಡಿಯೋಕೆ ಜನ ಸಣ್ಣ ದೋಣಿಗಳಲ್ಲಿ ಬಲೆ ಹಿಡಿದು ಕಾಯ್ತಿರ್ತಾರೆ. ಮೊದಲು ಹಾಗೆ ಹೊಡೆದಿದ್ದು ಜೈಂಟ್ಸ್‌ನ ಬ್ಯಾರಿ ಬಾಂಡ್ಸ್, 2000ದ ಮೇ 1ರಂದು. ಅವರೊಬ್ಬರೇ ಒಟ್ಟು 35 ಸಲ ನೀರಿಗೆ ಹೊಡೆದಿದ್ದಾರೆ. ಹ್ಯಾಂಕ್ ಆರನ್ ಅವರ 755 ಹೋಮ್ ರನ್ ದಾಖಲೆ ದಾಟಿ 756ನೇದು ಹೊಡೆದಿದ್ದೂ ಇದೇ ಮೈದಾನದಲ್ಲಿ, 2007ರ ಆಗಸ್ಟ್ 7ಕ್ಕೆ. ಜೈಂಟ್ಸ್ ಆಟಗಾರರು ನೀರಿಗೆ ಹೊಡೆದ ಲೆಕ್ಕ ಮಾತ್ರ ಆ ಗೋಡೆ ಮೇಲೆ ಬರ್ದಿರ್ತಾರೆ, ಒಳಗೆ ಹೋದ ತಕ್ಷಣ ಆ ಅಂಕಿ ಹುಡುಕಿ.

ಕೂತ ಮೇಲೆ ಏನು ನೋಡ್ಬೇಕು

ಸೀಟು ಹೋಮ್ ಪ್ಲೇಟ್ ಹಿಂದೆ ಮೇಲಿನ ಅಂತಸ್ತಲ್ಲಿ ತಗೊಳ್ಳಿ. ಕೆಳಗಿನ ದುಬಾರಿ ಸೀಟಿಗಿಂತ ಮೊದಲ ಸಲ ನೋಡೋರಿಗೆ ಇದೇ ಒಳ್ಳೇದು ಅಂತ ನಾನು ಖಂಡಿತವಾಗಿ ಹೇಳ್ತೀನಿ, ಯಾಕಂದ್ರೆ ಮಹಾರಾಜ ಗ್ರೌಂಡಲ್ಲಿ ನೀವು ನಡೆದು ನೋಡಿದ ಚೌಕ ಪೂರ್ತಿ ಕಣ್ಣಮುಂದೆ, ಅದರಾಚೆ ಗೋಡೆ, ಗೋಡೆಯಾಚೆ ನೀರು ದೋಣಿ. ಎಡಗಡೆ ದೂರದಲ್ಲಿ ಒಂದು ದೊಡ್ಡ ಕೋಕಾಕೋಲಾ ಬಾಟಲ್ ಓರೆಯಾಗಿ ನಿಂತಿದೆ, ಒಳಗೆ ಮಕ್ಳಿಗೆ ಜಾರುಬಂಡೆ, ಪಕ್ಕದಲ್ಲಿ 1927ರ ಕಾಲದ ನಾಲ್ಕು ಬೆರಳಿನ ಗ್ಲೋವ್ ಮಾದರಿ, ಮೊಮ್ಮಕ್ಳಿದ್ರೆ ಬೇಸರ ಬಂದಾಗ ಅಲ್ಲಿಗೆ ಕಳಿಸಿ.

ಎರಡು ಕೊನೆಯಲ್ಲಿ ಎತ್ತರದ ಕಂಬ ಕಾಣುತ್ತಲ್ಲ, ಹೆಸರು ಫೌಲ್ ಪೋಲ್, ಆದ್ರೆ ಹೊಡೆದ ಚೆಂಡು ನೇರ ಅದಕ್ಕೇ ತಾಗಿದ್ರೆ ಹೋಮ್ ರನ್. ಒಂದು ಕಡೆಗೆ ಮೂರು ಔಟ್ ಆದ್ರೆ ಸರದಿ ಬದಲು, ಎರಡೂ ಕಡೆ ಸರದಿ ಮುಗಿದ್ರೆ ಒಂದು ಇನ್ನಿಂಗ್ಸ್, ಹೀಗೆ ಒಂಬತ್ತು ಸಲ. 2023ರಿಂದ ಪಿಚರ್‌ಗೆ ಗಡಿಯಾರ ಇಟ್ಟಿದ್ದಾರೆ, ಬೇಸಲ್ಲಿ ಯಾರೂ ಇಲ್ದೇ ಇದ್ರೆ 15 ಸೆಕೆಂಡಲ್ಲಿ ಎಸೀಲೇಬೇಕು, ಹಾಗಾಗಿ ಮೊದಲಿನ ಹಾಗೆ ಆಟ ಎಳೆಯಲ್ಲ. ನಿಯಮ ಇಷ್ಟು ಸಾಕು ಇವತ್ತಿಗೆ.

ಇನ್ನು ಮುಂದೆ ಪ್ರತಿ ಬ್ಯಾಟರ್ ಬಂದಾಗ ಒಂದೇ ಪ್ರಶ್ನೆ ಕೇಳ್ಕೊಳ್ಳಿ, ಎಡಗೈನಾ ಬಲಗೈನಾ? ಎಡಗೈ ಆದ್ರೆ ತಕ್ಷಣ ಬಲಗಡೆ ಗೋಡೆ ನೋಡಿ, ಅಲ್ಲಿನ ಫೀಲ್ಡರ್ ಎಲ್ಲಿ ನಿಂತ ಅಂತ ನೋಡಿ. ಆ ಗೋಡೆ ಒಂದೇ ಸಮ ಇಲ್ಲ, ಇಟ್ಟಿಗೆ ಇದೆ, ಕಮಾನಿನ ಜಾಲರಿ ಇದೆ, ಅಂಚು ಇದೆ, ಚೆಂಡು ಯಾವುದಕ್ಕೆ ತಾಗುತ್ತೆ ಅನ್ನೋದರ ಮೇಲೆ ಎತ್ತ ಪುಟಿಯುತ್ತೆ ಅನ್ನೋದು. 2007ರ ಆಲ್ ಸ್ಟಾರ್ ಮ್ಯಾಚಲ್ಲಿ, ಅಂದ್ರೆ ಎಲ್ಲಾ ಟೀಮಿನ ಹೆಸರಾಂತರು ಸೇರಿ ಆಡೋ ಮ್ಯಾಚಲ್ಲಿ, ಜಪಾನಿನ ಇಚಿರೋ ಹೊಡೆದಿದ್ದು ಈ ಗೋಡೆಗೇ ಬಡೀತು. ಕೆನ್ ಗ್ರಿಫಿ ಜೂನಿಯರ್ ಅಂಥ ಫೀಲ್ಡರ್ ಒಂದು ಕಡೆ ಕಾದ್ರು, ಚೆಂಡು ಇನ್ನೊಂದು ಕಡೆ ಓಡ್ತು, ಅಷ್ಟರಲ್ಲಿ ಇಚಿರೋ ನಾಲ್ಕೂ ಬೇಸ್ ಸುತ್ತಿ ಮನೆ ಸೇರಿದ್ರು. ಚೆಂಡು ಮೈದಾನ ದಾಟದೇ ಹೋಮ್ ರನ್, ಆಲ್ ಸ್ಟಾರ್ ಚರಿತ್ರೆಯಲ್ಲೇ ಮೊದಲ ಸಲ. ಗೋಡೆಯೂ ಒಬ್ಬ ಫೀಲ್ಡರ್ ಅಂತ ನಂಗೆ ಅರ್ಥ ಆಗಿದ್ದು ಆ ವಿಡಿಯೋ ನೋಡಿದ ಮೇಲೆ.

ಗೋಡೆಯಿಂದ ಕಣ್ಣು ಸ್ವಲ್ಪ ಎಡಕ್ಕೆ ಸರಿಸಿ, ಆ 415 ಅಡಿಯ ಮೂಲೆ ಬರುತ್ತೆ. ಮೊದಲು 421 ಇತ್ತು, 2020ರಲ್ಲಿ ಬದಲಿ ಪಿಚರ್‌ಗಳು ಅಭ್ಯಾಸ ಮಾಡೋ ಜಾಗ ಗೋಡೆ ಹಿಂದಕ್ಕೆ ಹಾಕಿದಾಗ ಹತ್ರ ಬಂತು. ಅದಕ್ಕೆ ಟ್ರಿಪಲ್ಸ್ ಆಲಿ ಅಂತಾರೆ, ಮೂರು ಬೇಸಿನ ಗಲ್ಲಿ. ಅಲ್ಲಿಗೆ ಚೆಂಡು ಉರುಳಿದ್ರೆ ಚೆಂಡು ನೋಡ್ಬೇಡಿ, ಓಡ್ತಿರೋನ ಕಾಲು ನೋಡಿ. ಎರಡನೇ ಬೇಸ್ ತಿರುಗುವಾಗ ನಿಲ್ತಾನಾ ಮೂರನೇದಕ್ಕೆ ಹೋಗ್ತಾನಾ, ಫೀಲ್ಡರ್ ಚೆಂಡು ಹಿಡಿದು ನಡುವೆ ಇನ್ನೊಬ್ಬನಿಗೆ ಎಸೆದು ಅವನು ಮೂರನೇ ಬೇಸಿಗೆ ಎಸೆಯೋದು, ಈ ಓಟ ಈ ಎಸೆತ ಎರಡೂ ಒಟ್ಟಿಗೆ ಬಂದು ಸೇರೋ ಹನ್ನೆರಡು ಸೆಕೆಂಡಿಗೆ ಇಡೀ ಗ್ಯಾಲರಿ ಎದ್ದು ನಿಲ್ಲುತ್ತೆ. ನನ್ನ ಪ್ರಕಾರ ಹೋಮ್ ರನ್ನಿಗಿಂತ ಚೆಂದ ಇದು.

ಫೌಲ್ ಆದ ಚೆಂಡು ಗ್ಯಾಲರಿಗೆ ಬಂದ್ರೆ ವಾಪಸ್ ಕೊಡೋ ಹಾಗಿಲ್ಲ, ಸಿಕ್ಕಿದೋರಿಗೆ ಸೇರಿದ್ದು, ನಮ್ಮಲ್ಲಿ ಹಾಗಲ್ಲ ಅಂತ ಎದ್ದು ಎಸೀಬೇಡಿ, ಜೇಬಲ್ಲಿ ಹಾಕ್ಕೊಳ್ಳಿ. ಆದ್ರೆ ಫೋನ್ ನೋಡ್ಕೊಂಡು ಕೂರ್ಬೇಡಿ, ಬಲೆ ಇಲ್ಲದ ಕಡೆ ಚೆಂಡು ಬಹಳ ಜೋರಾಗಿ ಬರುತ್ತೆ. ಏಳನೇ ಇನ್ನಿಂಗ್ಸ್ ನಡುವೆ ಎಲ್ಲರೂ ಎದ್ದು ಮೈ ಮುರಿದು ಹಾಡು ಹೇಳ್ತಾರೆ, ನೀವೂ ಎದ್ದು ನಿಲ್ಲಿ, ಮಂಡಿಗೂ ಒಳ್ಳೇದು.

ಎಂಟನೇ ಇನ್ನಿಂಗ್ಸ್ ಹೊತ್ತಿಗೆ ನೀರಿನ ಕಡೆಯಿಂದ ಬಿಳೀ ಕಡಲಹಕ್ಕಿಗಳು ಒಂದೊಂದೇ ಬಂದು ಗೋಡೆ ಮೇಲೆ, ಮೇಲಿನ ಕಂಬಿ ಮೇಲೆ ಕೂರ್ತಾವೆ. ಜನ ಎದ್ದ ಮೇಲೆ ಉಳಿದ ಫ್ರೈಸ್ ಅವುಕ್ಕೆ, ಮ್ಯಾಚ್ ಯಾವಾಗ ಮುಗಿಯುತ್ತೆ ಅಂತ ಅವುಕ್ಕೆ ಗೊತ್ತು. ಅವು ಬಂದ್ವು ಅಂದ್ರೆ ಡಬ್ಬಿ ಮುಚ್ಚಿ ಬ್ಯಾಗಿಗೆ ಹಾಕ್ಕೊಳ್ಳಿ, ವಾಪಸ್ ಹೋಗೋ ರೈಲಿನ ಟೈಮ್ ಅಳಿಯನ ಹತ್ರ ಒಂದ್ಸಲ ಕೇಳಿ, ಆಮೇಲೆ ಮತ್ತೆ ಬಲಗಡೆ ಗೋಡೆ ನೋಡ್ತಾ ಕೂತ್ಕೊಳ್ಳಿ, ಇನ್ನೂ ಆರು ಔಟ್ ಬಾಕಿ ಇದೆ.